ಒತ್ತದೆ ಹರಿಯುವ ಶಾಯಿ

ದೆಹಲಿಯ ಕಿದ್ವಾಯಿ ನಗರದ ನಮ್ಮ ಸರ್ಕಾರಿ ಕ್ವಾರ್ಟರ್ಸಿನಲ್ಲಿ ಭಾನುವಾರದ ಕನ್ನಡ ತರಗತಿ ನಡೆಯುತ್ತಿದ್ದುದು ವಿಜಯಮ್ಮನವರ ವರಾಂಡದಲ್ಲಿ. ಹಿಂದಿಯಲ್ಲಿ ಜಗಳವಾಡುತ್ತ ಬರುವ ಮಕ್ಕಳಿಗೆ ಅವರು ಅಕ್ಷರ ಕಲಿಸುತ್ತಿದ್ದರು. ವರ್ಷದ ಕೊನೆಗೆ ಪ್ರತಿ ಮಗುವಿನ ಹೆಸರನ್ನೂ ಪ್ರಮಾಣಪತ್ರದ ಮೇಲೆ ತಾವೇ ದುಂಡಗೆ ಬರೆದು ಕೊಡುತ್ತಿದ್ದರು. ನಮ್ಮ ಬ್ಲಾಕಿನ ಎಷ್ಟೋ ಗೋಡೆಗಳ ಮೇಲೆ ಆ ಹಾಳೆಗಳು ಚೌಕಟ್ಟಿನಲ್ಲಿ ತೂಗುತ್ತಿದ್ದವು.

೨೦೦೬ರ ಹೊತ್ತಿಗೆ ಅವರ ಹೆಬ್ಬೆರಳಿಗೆ ಸಂಧಿವಾತ ಬಂದಿತ್ತು. ಬಾಲ್‌ಪೆನ್ ಒತ್ತಲು ಆಗುತ್ತಿರಲಿಲ್ಲ. ಫೌಂಟನ್ ಪೆನ್ನಿನ ಹಳೆಯ ಶಾಯಿಯೋ ಮೇ ತಿಂಗಳ ಒಣಹವೆಗೆ ನಿಬ್ಬಿನಲ್ಲೇ ಕಟ್ಟಿಕೊಳ್ಳುತ್ತಿತ್ತು. ತರಗತಿ ನಡೆಸುವ ಕನ್ನಡ ಸಂಘದ ಹುಡುಗರು ಹೆಸರುಗಳನ್ನು ಕಂಪ್ಯೂಟರಿನಲ್ಲಿ ಅಚ್ಚು ಹಾಕಿಸಲು ಸಿದ್ಧರಿದ್ದರು. ಶನಿವಾರ ಸಂಜೆಯೊಳಗೆ ಬರೆದು ಮುಗಿಯದಿದ್ದರೆ ಹಾಳೆಗಳನ್ನು ಅವರಿಗೆ ಒಪ್ಪಿಸಬೇಕಿತ್ತು.

“ಈ ವರ್ಷ ಬಿಟ್ಟುಕೊಟ್ಟರೆ ಮುಂದಿನ ವರ್ಷ ನನ್ನನ್ನ ಕೇಳೋದೂ ಇಲ್ಲ ನೋಡಿ,” ಎಂದರು ವಿಜಯಮ್ಮ.

ವಿಜ್ಞಾನದ ಪುಸ್ತಕ ಓದುವವನೆಂಬ ಕಾರಣಕ್ಕೆ ಪಕ್ಕದ ಮನೆಯ ನನಗೆ ಶಾಯಿ ಆರಿಸುವ ಕೆಲಸ ಬಂತು. ನಯೀ ಸಡಕಿನ ಅಂಗಡಿಯವನು ಎಲ್ಲ ಬಾಟಲಿಗಳನ್ನೂ ‘ಬೆಸ್ಟ್’ ಎಂದು ಹೊಗಳಿದ್ದರಿಂದ ಅವನ ಮಾತನ್ನು ಬದಿಗಿಟ್ಟು, ಸರಾಗವಾಗಿ ಹರಿಯುವ ನಾಲ್ಕು ಶಾಯಿಗಳನ್ನು ತಂದೆ. ಶನಿವಾರ ಮಧ್ಯಾಹ್ನ ನೀರಿನ ಕೂಲರಿನ ಮುಂದೆ ಮೇಜು ಹಾಕಿಕೊಂಡು ಪರೀಕ್ಷೆಗೆ ಕುಳಿತೆವು. ಪೆನ್ನು ತಾನಾಗಿ ಜಾರುತ್ತಿತ್ತು, ಬೆರಳಿಗೆ ನೋವಿರಲಿಲ್ಲ. ಆದರೆ ನಾಲ್ಕೂ ಶಾಯಿಗಳು ಹಾಳೆಯ ಮೇಲೆ ಎಳೆಎಳೆಯಾಗಿ ಹರಡಿದವು.

“ವಿಜಯಾ, ಇದು ಹೆಸರೋ, ಜಿರಳೆ ಓಡಾಡಿದ್ದೋ?” ಎಂದರು ಅವರ ಯಜಮಾನರಾದ ಮರಿಯಪ್ಪ.

“ನಿಮ್ಮ ಫೈಲಿನ ಸಹಿಗಿಂತ ವಾಸಿ. ಸುಮ್ನಿರಿ.”

ಸುಲಭವಾಗಿ ಹರಿಯುವುದು ಸುಲಭವಾಗಿ ಹರಡಲೇಬೇಕು, ಎರಡನ್ನೂ ಒಟ್ಟಿಗೆ ಬಯಸಬಾರದು ಎಂದು ನಾನು ತೀರ್ಪು ಕೊಟ್ಟೆ. ಅಷ್ಟರಲ್ಲಿ ಕರೆಂಟು ಹೋಗಿ ಕೂಲರ್ ನಿಂತಿತು. ಮರಿಯಪ್ಪನವರು ಕಿಟಕಿ ತೆರೆದರು; ಬಿಸಿಗಾಳಿ ನುಗ್ಗಿತು. ವಿಜಯಮ್ಮ ಮಾತ್ರ ಏಳಲಿಲ್ಲ. “ತುಂಬಿಸಿದ ಇಂಕ್ ಹೇಗೂ ಇದೆ,” ಎಂದು ರದ್ದಾದ ಹಾಳೆಗಳ ಮೇಲೆ ಬರೆಯುತ್ತಲೇ ಇದ್ದರು. ಅರ್ಧ ಗಂಟೆ ಕಳೆದಿರಬೇಕು, ‘ಪೃಥ್ವಿ’ ಎಂಬ ಹೆಸರು ಕೂದಲೆಳೆಯಷ್ಟೂ ಹರಡದೆ ನಿಂತಿತು. ಮುಟ್ಟಿ ನೋಡಿದೆ. ಬೆಳಗಿನಿಂದ ಕೂಲರಿನ ತೇವ ಹೀರಿ ಮೆತ್ತಗಾಗಿದ್ದ ಕಾಗದ ಈಗ ಹಪ್ಪಳದಂತೆ ಗರಿಗರಿಯಾಗಿತ್ತು. ಶಾಯಿಯನ್ನು ಪರೀಕ್ಷಿಸುತ್ತ ನಾನು ಗಾಳಿಯನ್ನೇ ಮರೆತಿದ್ದೆ.

“ಪಾಪ, ನಾಲ್ಕು ಬಾಟಲಿಗೂ ಸುಮ್ಮನೆ ಬೈದುಬಿಟ್ರಿ,” ಎಂದು ವಿಜಯಮ್ಮ ನಕ್ಕರು.

ಕರೆಂಟು ಬಂತು. ಮರಿಯಪ್ಪನವರ ಕೈ ಸ್ವಿಚ್ಚಿನತ್ತ ಹೋಯಿತು.

“ರೀ, ಮುಟ್ಟಬೇಡಿ!”

“ಬೇಯ್ತಾ ಇದೀನಿ ಕಣೇ!”

“ಒದ್ದೆ ಟವೆಲ್ ಹೊದ್ಕೊಳ್ಳಿ. ಮೇಜಿನ ಹತ್ರ ಮಾತ್ರ ಬರಬೇಡಿ.”

ಅವರು ಗೊಣಗುತ್ತ ಟವೆಲ್ ಹೊದ್ದು, ಕೋಣೆಯ ಆ ತುದಿಯಿಂದ ಒಂದೊಂದೇ ಹೆಸರು ಕೂಗಿ ಹೇಳತೊಡಗಿದರು. ಬೆವರು ತಾಗದಂತೆ ಮಣಿಕಟ್ಟಿನ ಕೆಳಗೆ ಕರವಸ್ತ್ರ ಮಡಿಸಿಟ್ಟುಕೊಂಡು ವಿಜಯಮ್ಮ ಬರೆದರು. ಸಂಜೆ ಸಂಘದ ಚಿರಂತ್ ಬಾಗಿಲಲ್ಲಿ ನಿಂತ. “ಆಂಟಿ, ಪೇಪರ್ಸ್ ಪ್ರಿಂಟಿಗೆ ಕೊಡ್ಲಾ?”

“ಆಗಿದೆ, ತಗೊಂಡು ಹೋಗಪ್ಪಾ. ಅಂಚು ಹಿಡ್ಕೋ, ಮೇಲಿನದು ಇನ್ನೂ ಹಸಿ.”