ಹಳಿಯ ಪಕ್ಕದ ಹೊಸಿಲು

ಬಾಗಿಲು ಸರಿಯಾಗಿ ಓಡುತ್ತಿಲ್ಲವೆಂದು ನಿನ್ನೆಯೇ ಹೇಳಿಕಳಿಸಿದ್ದಕ್ಕೆ, ದಟ್ಟಗಳ್ಳಿಯಿಂದ ಪೇಟೆಗೆ ನಡೆದು ಬಂದ ಹುಚ್ಚಣ್ಣ ಲಕ್ಷ್ಮೀಪುರಂನ ಒಂದು ಮನೆಯ ನಡುಮನೆಗೆ ಕಾಲಿಡುವಾಗ ಇನ್ನೂ ಸರಿಯಾಗಿ ಬೆಳಕಾಗಿಲ್ಲ. ಹಳಿಯ ಮೇಲೆ ಪಕ್ಕಕ್ಕೆ ಸರಿಯುವ ತೇಗದ ತಳ್ಳುಬಾಗಿಲು ಮೇಲಿನ ಚೌಕಟ್ಟಿನ ಸೀಳಿನಿಂದ ಆಗತಾನೆ ಕಳಚಿ ದೇವರ ಕೋಣೆಯೊಳಕ್ಕೆ ವಾಲಿದೆ. ಒಳಗೆ ಮಡಿಯುಟ್ಟ ಅಲಮೇಲಮ್ಮ ಎರಡೂ ಕೈ ಒಡ್ಡಿ ಅದನ್ನು ತಡೆದು ನಿಂತಿದ್ದಾರೆ. ಕೈ ಬಿಟ್ಟರೆ ಬಾಗಿಲು ಅವರ ಮೇಲೆಯೇ. ಹೊರಗೆ ಮಗ ಕೃಷ್ಣಸ್ವಾಮಿ ಹಿಡಿಕೆ ಹಿಡಿದು ಜಗ್ಗುತ್ತಿದ್ದಾರೆ.

"ಜಗ್ಗಬ್ಯಾಡಿ ಸ್ವಾಮಿ, ಬುಡ ಜಾರ್ತದೆ."

ಹುಚ್ಚಣ್ಣ ಬಾಗಿಲಿನ ಬುಡಕ್ಕೆ ಹಾರೆ ಅಡ್ಡ ಕೊಟ್ಟು ಅದಕ್ಕೆ ಪಾದ ಒತ್ತುತ್ತಾರೆ. ಒಳಗಿನಿಂದ ಯಾರಾದರೂ ಕೈ ಕೊಟ್ಟರೆ ಸಲೀಸು. ಆದರೆ ಅಡುಗೆಮನೆಯ ಕಡೆಯ ಬಾಗಿಲಿಗೆ ಅಲಮೇಲಮ್ಮ ಒಳಗಿನಿಂದ ಅಗುಳಿ ಹಾಕಿದ್ದಾರೆ. ಪೂಜೆ ಮುಗಿಯುವ ತನಕ ಸ್ನಾನವಾಗದವರು ಬರಬಾರದು. ಅಗುಳಿ ಇಲ್ಲದಿದ್ದರೂ ಹುಚ್ಚಣ್ಣನವರಿಗೆ ಆ ದಾರಿ ಇಲ್ಲ.

"ಅಮ್ಮಾರೆ, ಎಂಗಿದ್ದೀರೋ ಅಂಗೇ ಇರಿ. ನಾ ಹೇಳ್ದಾಗ ಕೈ ಬುಡಿ."

"ಕೈ ಸೋತುಹೋಗ್ತಿದೆ ಕಣೋ," ಒಳಗಿನ ದನಿ ಸಣ್ಣಗಾಗಿದೆ.

ಹುಚ್ಚಣ್ಣ ಹಿಡಿಕೆಗೆ ಕಟ್ಟಿಕೊಟ್ಟ ಹಗ್ಗವನ್ನು ಕೃಷ್ಣಸ್ವಾಮಿ ಇಂಚಿಂಚಾಗಿ ಎಳೆಯುತ್ತಾರೆ. ಬಾಗಿಲು ನೆಟ್ಟಗಾಗುತ್ತಿದ್ದಂತೆ ಹುಚ್ಚಣ್ಣ ಹಾರೆಯನ್ನು ಅಡಿಗೆ ತೂರಿಸಿ ಮೀಟುತ್ತಾರೆ. ಕತ್ತಿನ ನರ ಉಬ್ಬುತ್ತದೆ. ಮೇಲಂಚು ಒಮ್ಮೆ ಸೀಳು ತಪ್ಪುತ್ತದೆ, ಮತ್ತೆ ತಪ್ಪುತ್ತದೆ, ಆಮೇಲೆ ಟಕ್ಕೆಂದು ಕೂರುತ್ತದೆ.

"ಈಗ ಬುಡಿ."

ಒಳಗೆ ಅಲಮೇಲಮ್ಮ ನೆಲಕ್ಕೆ ಕುಸಿದು ಕೂತ ಸದ್ದು.

ಹುಚ್ಚಣ್ಣನವರ ತಂದೆ ಎತ್ತಿನ ಗಾಡಿಯ ಚಕ್ರಕ್ಕೆ ಕಬ್ಬಿಣದ ಪಟ್ಟಿ ಕಟ್ಟುತ್ತಿದ್ದವರು. ಗಾಡಿಗಳು ಕಡಿಮೆಯಾದಾಗ ಮಗ ಪೇಟೆಯ ಮನೆಗಳ ತಳ್ಳುಬಾಗಿಲಿನ ದುರಸ್ತಿಗೆ ಬಂದರು. ಅದಕ್ಕೂ ಅಡಿಯಲ್ಲಿ ಚಕ್ರವಿದೆ, ಓಡಲು ಹಳಿಯಿದೆ. "ಗಾಡಿ ಬಿಟ್ಟು ಬಾಗಿಲು ಹಿಡಿದೆ, ಎರಡರಲ್ಲೂ ಎತ್ತು ನೀನೇ" ಎಂದು ಹೆಂಡತಿ ದೇವಿರಮ್ಮ ಹಂಗಿಸುತ್ತಾರೆ. ಹುಚ್ಚಣ್ಣನವರ ಎಡಗೈ ನಡುಬೆರಳಿನ ತುದಿ ಇಲ್ಲ. ಇಂಥದೇ ಒಂದು ಬಾಗಿಲು ತೆಗೆದುಕೊಂಡಿತು.

ಚಕ್ರ ಬಿಚ್ಚಿದರೆ ಕೆಂಪು ಹಳದಿ ಕೆಸರು. ಹೆಂಗಸರಿಗೆ ಆ ಹಳಿಯೇ ಹೊಸಿಲು. ಶುಕ್ರವಾರ ಬಂತೆಂದರೆ ಅದಕ್ಕೆ ಅರಿಸಿನ, ಕುಂಕುಮ, ರಂಗೋಲಿ. ಹುಚ್ಚಣ್ಣ ಬಂದಾಗಲೆಲ್ಲ ಹರಳೆಣ್ಣೆ ಬಿಡುತ್ತಾರೆ. ಎಣ್ಣೆಯಲ್ಲಿ ರಂಗೋಲಿಯ ಕಲ್ಲುಪುಡಿ ಅಂಟಿ ಚಕ್ರವನ್ನು ಅರೆಯುತ್ತದೆ. ಕಾರಣ ಅವರಿಗೆ ಗೊತ್ತು. ಹಿಂದೆ ಒಂದು ಮನೆಯಲ್ಲಿ ಬಾಯಿಬಿಟ್ಟು ಹೇಳಿದ್ದರು. ಪೂಜೆಗೆ ಅಡ್ಡ ಬರುವವನೆಂದು ಆ ಬೀದಿಯೇ ಅವರನ್ನು ಕರೆಯುವುದನ್ನು ನಿಲ್ಲಿಸಿತು. ಅಂದಿನಿಂದ ಒರೆಸುವುದು, ಎಣ್ಣೆ ಬಿಡುವುದು, ಸುಮ್ಮನಿರುವುದು.

ನಾಳೆ ಶುಕ್ರವಾರ. ಹುಚ್ಚಣ್ಣ ಚಕ್ರವನ್ನು ಒರೆಸಿ ಕೈಯಲ್ಲೇ ತಿರುಗಿಸಿ ನೋಡುತ್ತಾರೆ. ಚಕ್ರ ಹಾಕಿ ಬಾಗಿಲು ಸರಿಸಿದಾಗ ಆಚೆ ಅಲಮೇಲಮ್ಮ ಇನ್ನೂ ನೆಲದ ಮೇಲೇ ಇದ್ದಾರೆ.

"ಅಮ್ಮಾರೆ, ಬಾಗಿಲದ್ದೇನೂ ತಪ್ಪಿಲ್ಲ. ನಿಮ್ಮ ರಂಗೋಲಿ ಪುಡಿ ಚಕ್ರ ತಿಂದದೆ. ನಾಳೇನೂ ಹಳಿಗೆ ಇಟ್ರೆ, ಇನ್ನೊಂದಿನ ಇದು ಇಂಗೇ ಬೀಳ್ತದೆ."

ಕೃಷ್ಣಸ್ವಾಮಿ ಹಗ್ಗ ಸುತ್ತಿಡುತ್ತಾರೆ.

"ಇಷ್ಟು ದಿನ ಬಾಯಲ್ಲಿ ಕಡುಬು ಇಟ್ಕೊಂಡಿದ್ದೆಯೇನೋ?" ಅಲಮೇಲಮ್ಮನ ದನಿ ಗಡುಸಾಗಿದೆ.

"ನಿಮ್ಮನೆ ಕಡುಬೇ ಅಮ್ಮಾರೆ. ಬಾಯಿ ಬಿಟ್ರೆ ಬಿದ್ದೋಗ್ತದಲ್ಲ."

ಹೊಸಿಲಿಲ್ಲದೆ ದೇವರ ಮನೆ ಹೇಗೆ ಎಂದು ಅಲಮೇಲಮ್ಮ ಕೇಳುತ್ತಾರೆ. ಹುಚ್ಚಣ್ಣ ಚೀಲದಿಂದ ಬಾಗಿಲಿನ ಅಗಲಕ್ಕೆ ಸಾಲುವ ಒಂದು ಮರದ ಪಟ್ಟಿಯ ಎರಡು ತುಂಡು ತೆಗೆದು, ಇನ್ನು ಇದೇ ಹೊಸಿಲು ಎಂದು ಹಳಿಯ ಈಚೆಗೆ ಜೋಡಿಸಿಡುತ್ತಾರೆ. ಹಳಿಯ ಕಡೆಗೆ ಅದರ ಅಂಚು ಎತ್ತರಿಸಿದೆ. ಕೆತ್ತಿ ಬಹಳ ಕಾಲವಾಗಿದೆ. ಚೀಲದಲ್ಲಿ ಉಜ್ಜಿ ಉಜ್ಜಿ ಅದರ ಮೂಲೆಗಳು ಸವೆದಿವೆ.

"ಯಾವ ಮರ?"

"ಹಲಸು."

ಅಲಮೇಲಮ್ಮ ಎದ್ದು ಬಂದು ಬಗ್ಗಿ ನೋಡುತ್ತಾರೆ. "ದೇವರ ಮನೆಗೆ ಹಲಸಾದರೆ ಆಗಬಹುದು. ಹೊಡಿ ಮೊಳೆ."

ಮೊಳೆ ಹೊಡೆದ ಮೇಲೂ ಹುಚ್ಚಣ್ಣ ಹೊರಡುವುದಿಲ್ಲ. ನಾನಿರುವಾಗಲೇ ಒಂದೆಳೆ ರಂಗೋಲಿ ಎಳೆಯಿರಿ ಎನ್ನುತ್ತಾರೆ. ಅಲಮೇಲಮ್ಮ ಬಾಗಿ ಎಳೆಯುತ್ತಾರೆ. ಹುಚ್ಚಣ್ಣ ಕೆನ್ನೆಯನ್ನು ನೆಲಕ್ಕೆ ತಾಗಿಸಿ ಹಳಿಯನ್ನೇ ನೋಡುತ್ತಾರೆ. ಪುಡಿ ಪಟ್ಟಿಯ ಅಂಚಿಗೆ ಬಂದು ನಿಲ್ಲುತ್ತದೆ, ಹಳಿಗೆ ಬೀಳುವುದಿಲ್ಲ. ತುದಿಯಿಲ್ಲದ ಬೆರಳಿನಿಂದ ಬಾಗಿಲು ತಳ್ಳುತ್ತಾರೆ. ಅದು ಸದ್ದಿಲ್ಲದೆ ಆ ಕೊನೆಗೆ ಹೋಗುತ್ತದೆ.

ಬೀದಿಯವರೆಗೆ ಬಂದ ಕೃಷ್ಣಸ್ವಾಮಿ, ನಿಮಗೆ ಏನು ಕೊಡಬೇಕು ಎಂದು ಕೇಳಿದ್ದಕ್ಕೆ ಹುಚ್ಚಣ್ಣ ಚೀಲವನ್ನು ಇನ್ನೊಂದು ಹೆಗಲಿಗೆ ಬದಲಿಸುತ್ತಾರೆ.

"ನಿಮ್ಮನೆಯೋರಿಗೆ ನನ್ನ ಹೆಸರು ಮರ್ತೋಗ್ಬೇಕು ಸ್ವಾಮಿ. ಬಾಗಿಲು ಓಡ್ತಿದ್ರೆ ಹುಚ್ಚಣ್ಣನ ಯಾರು ನೆನೀತಾರೆ?"