ಮ್ಯಾನೇಜರುಗಳ ಅಳತೆ ತೆಗೆದ ಟೇಲರ್ ಚಾಚಾ

ಹೋದ ವಾರ ಜತ್ತದ ಬಸ್ ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿ ನಡೆದು ಬರುತ್ತಿದ್ದೆ. ಒಂದು ಸಣ್ಣ ಅಂಗಡಿಯಲ್ಲಿ ಯಾರೋ ಇದ್ದಿಲಿನ ಇಸ್ತ್ರಿ ಪೆಟ್ಟಿಗೆಯನ್ನು ನೀರು ಚಿಮುಕಿಸಿದ ಬಟ್ಟೆಯ ಮೇಲೆ ಒತ್ತಿದರು. ಹಸಿ ಬಟ್ಟೆ ಕಾದಾಗ ಏಳುವ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ಕಾಲುಗಳು ನಿಂತವು. ಗಡಿಯಲ್ಲಿರುವ ನಮ್ಮ ಹಳ್ಳಿ ಸೋನ್ಯಾಳದ ಟೇಲರ್ ಚಾಚಾ ಕಣ್ಣ ಮುಂದೆ ಬಂದರು...

ಊರಿಗೆಲ್ಲ ಅವರು ಚಾಚಾ. ಮನೆಯಲ್ಲಿ ದಖನಿ ಉರ್ದು, ಗಿರಾಕಿಗಳ ಜೊತೆ ಕನ್ನಡ, ತಾಲೂಕು ಕಚೇರಿಯವರು ಬಂದರೆ ಮರಾಠಿ. ಆದರೆ ತುಟಿಗಳ ನಡುವೆ ಸದಾ ಎರಡು ಗುಂಡುಸೂಜಿ ಇರುತ್ತಿದ್ದುದರಿಂದ ಯಾವ ಭಾಷೆಯಲ್ಲೂ ಅವರದು ಕಡಿಮೆ ಮಾತು. ಹಾಕಿಯ ವಿಷಯ ಎದ್ದರೆ ಮಾತ್ರ ಸೂಜಿಗಳನ್ನು ತೆಗೆದು ಮೇಜಿನ ಮೇಲೆ ಇಡುತ್ತಿದ್ದರು. ಆಗ ಅಂಗಡಿಯಲ್ಲಿದ್ದವರು ಇನ್ನು ಅರ್ಧ ತಾಸು ಎದ್ದು ಹೋಗುವಂತಿಲ್ಲ ಎಂದು ತಿಳಿದುಕೊಳ್ಳುತ್ತಿದ್ದರು.

ನಮ್ಮ ಊರಿಗೆ ಹಾಕಿ ತಂದವರು ಒಬ್ಬ ಫೌಜಿ. ಸೈನ್ಯದಿಂದ ನಿವೃತ್ತರಾಗಿ ಬರುವಾಗ ಟ್ರಂಕಿನ ಜೊತೆ ನಾಲ್ಕು ಸ್ಟಿಕ್ಕುಗಳನ್ನೂ ಹೊತ್ತು ಬಂದಿದ್ದರು. ಸುತ್ತಲಿನವರೆಲ್ಲ ಕುಸ್ತಿ, ಕಬಡ್ಡಿ ಎನ್ನುತ್ತಿದ್ದಾಗ ನಮ್ಮ ಹುಡುಗರು ಊರ ಹೊರಗಿನ ಬಯಲಲ್ಲಿ ಸೊಂಟ ಬಾಗಿಸಿ ಚೆಂಡು ಹೊಡೆಯುತ್ತಿದ್ದರು. ಪಕ್ಕದ ಊರು ವಳಸಂಗದವರು ನೋಡಿ ನಕ್ಕರು. ಆಮೇಲೆ ಅವರೂ ಒಂದು ತಂಡ ಕಟ್ಟಿದರು.

ನಮ್ಮಲ್ಲಿ ತಂಡದ ಮ್ಯಾನೇಜರ್ ಎಂದರೆ ದೊಡ್ಡ ಹುದ್ದೆ. ಯಾರು ಆಡಬೇಕು, ಯಾರು ಹೊರಗೆ ಕೂರಬೇಕು, ಯಾವ ಊರಿಗೆ ಯಾರ ಟೆಂಪೊದಲ್ಲಿ ಹೋಗಬೇಕು, ಎಲ್ಲ ಅವನ ಕೈಯಲ್ಲಿ. ಫೌಜಿ ಎಂಟು ವರ್ಷ ಮ್ಯಾನೇಜರ್ ಆಗಿದ್ದರು. ಅವರು ತೀರಿಕೊಂಡ ಮೇಲೆ ಎರಡು ವರ್ಷ ಚಾಚಾ. ನಂತರ ಮೂರು ವರ್ಷ ಬೀಜ-ಗೊಬ್ಬರದ ಅಂಗಡಿಯ ಸಾವಕಾರರು. ಕೊನೆಯ ವರ್ಷ ಅವರು ಜಿಲ್ಲೆಯ ಕಪ್ ಗೆದ್ದು ತಂದರು, ಆಮೇಲೆ ಅಂಗಡಿ ದೊಡ್ಡದಾಯಿತೆಂದು ಹುದ್ದೆ ಬಿಟ್ಟುಕೊಟ್ಟರು. ಊರಿನ ಕನ್ನಡ ಶಾಲೆಯಲ್ಲಿ ಮಾಸ್ತರನಾಗಿದ್ದ ನನ್ನ ಕೊರಳಿಗೆ ಆಗ ಅದು ಬಿತ್ತು.

ನನ್ನ ಮೊದಲ ವರ್ಷ ಆರು ಆಟ ಆಡಿದೆವು, ಆರೂ ಸೋತೆವು. ಸೊರಡಿ ಊರಿನ ಆಟದಲ್ಲಂತೂ ಎದುರಿನ ತಂಡದಲ್ಲಿ ಇಬ್ಬರು ಕಡಿಮೆ ಇದ್ದರು. ಆದರೂ ಸೋತೆವು. ನನ್ನನ್ನು ನೋಡಿ ಮಂದಿ ಹಾಕಿಯ ಮಾತು ನಿಲ್ಲಿಸಿ ಮಳೆಯ ಮಾತು ಆಡತೊಡಗಿದಾಗ ನಾಚಿಕೆಯಾಗಿ ರಾಜೀನಾಮೆಯ ಚೀಟಿ ಬರೆದೆ. ಚಾಚಾಗೆ ತೋರಿಸಿದೆ. ಓದಿ, ಮಡಚಿ, ನನ್ನ ಕಿಸೆಗೇ ತುರುಕಿದರು. "ರವಿವಾರ ಬೈಠಕ್ ಐತಿ. ಅಲ್ಲೇ ಕೊಡು" ಎಂದರು.

ರವಿವಾರ ಮುಂಜಾನೆ ಮುಂದಿನ ವರ್ಷದ ಮ್ಯಾನೇಜರನ್ನು ಆರಿಸಲು ಪಂಚಾಯತಿಯ ಮುಂದಿನ ಬೇವಿನ ಗಿಡದ ಕೆಳಗೆ ಊರು ಸೇರಿತ್ತು. ಸಾವಕಾರರು ಇಸ್ತ್ರಿ ಮಾಡಿದ ಅಂಗಿಯಲ್ಲಿ ಎದ್ದು ನಿಂತರು. "ನನಗ ಮತ್ತ ಒಂದ ವರ್ಷ ಕೊಡ್ರಿ. ಮಿರಜಿನ ಹುಡುಗರ ಜೋಡಿ ಮಾತಾಡೀನಿ. ಕಪ್ ತರೂದು ನನಗ ಬಿಡ್ರಿ" ಎಂದರು. ಕೆಲವರು ಚಪ್ಪಾಳೆ ಹೊಡೆದರು. ನನ್ನ ತಂಡದ ಹೊಸ ಹುಡುಗರು ಏಳು ಮಂದಿ ಗಿಡದ ಕಟ್ಟೆಯ ಆಚೆ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹೊರಗಿನವರು ಬಂದರೆ ತಂಡದಲ್ಲಿ ಅವರಿಗೆ ಜಾಗವಿರುತ್ತಿರಲಿಲ್ಲ.

ಹಿರಿಯರೊಬ್ಬರು, "ಚಾಚಾ, ನೀವ ಎಲ್ಲಾರ ಕಾಲಾನೂ ನೋಡೀರಿ. ಯಾರ ಕಾಲ ಚಲೋ ಇತ್ತು, ಹೇಳ್ರಿ" ಎಂದರು.

ಚಾಚಾ ಅಳತೆಯ ಪುಸ್ತಕವನ್ನು ಬಗಲಲ್ಲಿ ಇಟ್ಟುಕೊಂಡೇ ಬಂದಿದ್ದರು. ಮೊದಲ ವರ್ಷದಿಂದ ತಂಡದ ಅಂಗಿಗಳನ್ನು ಹೊಲಿದವರು ಅವರೇ. ಪ್ರತಿಯೊಬ್ಬ ಆಟಗಾರನ ಹೆಸರು, ಎದೆ, ಭುಜ, ಉದ್ದ ಅದರಲ್ಲಿತ್ತು. "ಕಪ್ ಯಾರ ತಂದ್ರು ಅನ್ನೂದು ನಿಮಗ ಗೊತ್ತ ಐತಿ. ನಾ ಅಂಗಿ ಹೊಲ್ಯಾಂವ. ನನ್ನ ಕಡೆ ಇರೂದು ಈ ಪುಸ್ತಕ" ಎಂದು ಹಾಳೆ ತಿರುವಿದರು.

"ಫೌಜಿ ಕಾಲದಾಗ ಈ ಹೆಸರ ನೋಡ್ರಿ. ಮೊದಲನೇ ವರ್ಷ ಎದಿ ಇಪ್ಪತ್ತಾರು. ಎಂಟನೇ ವರ್ಷ ಮೂವತ್ತಾರು, ಆಡಕೋತನ ಬೆಳದಾನ. ಇಂಥಾವು ಒಂಬತ್ತ ಹೆಸರ ಅದಾವ. ಕಪ್ ಒಂದೂ ಇಲ್ಲ, ಖರೆ. ಮತ್ತ ಸಿಟ್ಟ ಭಾಳ, ಹುಡುಗರನ್ನ ಬಡೀತಿದ್ರು. ಅದೂ ಲೆಕ್ಕಕ್ಕ ಹಿಡೀರಿ."

ಆಮೇಲೆ ಕನ್ನಡಕ ಸರಿಮಾಡಿಕೊಂಡರು. "ಎರಡನೇ ಮ್ಯಾನೇಜರ್ ನಾನ. ನಾಕೂ ಮಂದ್ಯಾಗ ಕೆಟ್ಟಾಂವ."

ಎಲ್ಲರೂ ನಕ್ಕರು. ಚಾಚಾ ನಗಲಿಲ್ಲ. "ತಂಗೀ ಮಗನ್ನ ಗೋಲಿಗೆ ನಿಲ್ಲಿಸಿದೆ. ಬಸ್ ಬಂದ್ರ ಅವ ಚೆಂಡ ಬಿಟ್ಟ ಬಸ್ ನೋಡತಿದ್ದ. ಅವನಕಿಂತ ಚಲೋ ಹುಡುಗ ಎರಡ ವರ್ಷ ಗೆರಿ ಹೊರಗ ಕುಂತ. ನಾ ತಂಗಿಗೆ ಅಂಜಿದ್ನಿ." ಆ ತಂಗಿಯ ಮಗ ಹಿಂದಿನ ಸಾಲಿನಲ್ಲೇ ಇದ್ದ. ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವನು ಅವನೇ. ಎರಡು ವರ್ಷ ಹೊರಗೆ ಕುಳಿತವನೂ ಅಲ್ಲಿದ್ದ. ಅವನ ಕಡೆ ತಿರುಗಿ ಚಾಚಾ, "ನಂದ ತಪ್ಪಾತು, ತಮ್ಮಾ" ಎಂದಾಗ ಅವನು ಟೋಪಿ ತೆಗೆದು ಮತ್ತೆ ಹಾಕಿಕೊಂಡ.

"ಇನ್ನ ಸಾವಕಾರ್ರು. ಬಯಲ ಸಪಾಟ ಮಾಡಿಸಿದ್ರು, ಗೋಲಿನ ಹುಡುಗಗ ಪ್ಯಾಡ್ ತಂದ್ರು, ಟೆಂಪೊ ಒಂದ ದಿನಾನೂ ತಡಾ ಆಗಲಿಲ್ಲ. ಇಂಥಾ ಬಂದೋಬಸ್ತ್ ಯಾರೂ ಮಾಡಲಿಲ್ಲ. ಆದ್ರ ಕಪ್ಪಿನ ವರ್ಷದ ಹಾಳಿ ನೋಡ್ರಿ. ಹನ್ನೊಂದ ಅಂಗಿ. ಅದರಾಗ ನಮ್ಮೂರಾವು ಮೂರ, ಉಳದಾವು ಹೊರಗಿನಾವು."

ಸಾವಕಾರರ ಮುಖ ಕೆಂಪಾಯಿತು. "ಚಾಚಾ, ಕಪ್ ಬಂದ ದಿನ ನೀವೂ ಕುಣದೀರಿ."

"ಕುಣದೀನ್ರಿ ಸಾವಕಾರ್ರ, ಭಾಳ ಕುಣದೀನಿ. ಮರದಿವಸ ಸಂಜಿಕ ಬಯಲಿಗೆ ಹೋದೆ. ಆಡಾಕ ಒಬ್ರೂ ಇರಲಿಲ್ಲ."

ಚಾಚಾ ಮತ್ತೊಂದು ಹಾಳೆ ತಿರುವಿದರು. ಅದು ನನ್ನ ವರ್ಷದ ಹಾಳೆ.

"ಮಾಸ್ತರ ಆರಕ್ಕ ಆರೂ ಸೋತಾರ. ದಣದ ಹುಡುಗನ್ನ ಯಾವಾಗ ಹೊರಗ ಕರೀಬೇಕು ಅನ್ನೂದು ಇವರಿಗೆ ಇನ್ನೂ ತಿಳಿದಿಲ್ಲ. ಸೋತ ಮ್ಯಾಲ ಎರಡ ದಿನ ಯಾರ ಜೋಡೀನೂ ಮಾತಾಡೂದಿಲ್ಲ. ಆದ್ರ ಈ ಹಾಳ್ಯಾಗ ಏಳ ಹೊಸಾ ಹೆಸರ ಅದಾವ. ಏಳೂ ನಮ್ಮೂರ ಗಲ್ಲ್ಯಾವು. ಎದಿ ಇನ್ನೂ ಇಪ್ಪತ್ತೆಂಟು." ಪುಸ್ತಕ ಮುಚ್ಚಿ ನನ್ನ ಕಡೆ ನೋಡಿದರು. "ಅಳತಿ ತೊಗೊಂಡು ಅಂಗಿ ಹೊಲೀಲಾರದ ಬಿಟ್ರ ಅವ ಎಂಥಾ ಟೇಲರ್, ತಮ್ಮಾ? ಆ ಚೀಟಿ ಕಿಸೇದಾಗ ಇರಲಿ."

ನಾನು ಕೊಡಲಿಲ್ಲ. ಸಾವಕಾರರು ಕಟ್ಟೆಯ ಆಚೆಯ ಆ ಏಳು ಹುಡುಗರ ಕಡೆ ತಿರುಗಿ ನೋಡಿದರು. ಕೊನೆಗೆ, "ಟೆಂಪೊ, ಬಯಲು, ಸಾಮಾನು ನನಗ ಇರಲಿ. ಯಾರ ಆಡಬೇಕಂತ ಮಾಸ್ತರ ನೋಡ್ಲಿ" ಎಂದರು. ಅಷ್ಟು ದೊಡ್ಡ ಮನಸ್ಸು ಅವರಿಗಿದೆ ಎಂದು ನಾನು ಅಂದುಕೊಂಡಿರಲಿಲ್ಲ. ಮುಂದೆ ಹತ್ತು ವರ್ಷ ಅವರ ಟೆಂಪೊ ಒಂದು ದಿನವೂ ತಡವಾಗಲಿಲ್ಲ.

ಮರುವರ್ಷ ಆರರಲ್ಲಿ ಐದು ಸೋಲು. ಅದರ ಮುಂದಿನ ವರ್ಷ ವಳಸಂಗದವರ ಮೇಲೆ ಅವರ ಬಯಲಲ್ಲೇ ಎರಡು-ಒಂದರಿಂದ ಗೆದ್ದೆವು. ಹುಡುಗರು ನನ್ನನ್ನು ಎತ್ತಿ ಕುಣಿಸಿದರು. ಕೆಳಗಿಳಿದಾಗ ಚಾಚಾ ಪಕ್ಕಕ್ಕೆ ಬಂದು ಮೆಲ್ಲಗೆ, "ಮೂರನೇ ನಂಬರಿನ ಹುಡುಗನ ಅಂಗಿ ಬಗಲಾಗ ಬಿಗಿ ಆಗೇತಿ, ನೋಡಿದ್ಯಾ?" ಎಂದರು. ಗೆಲುವಿನ ಬಗ್ಗೆ ಅವರು ಆಡಿದ ಮಾತು ಅಷ್ಟೇ. ಆದರೆ ಮುಖ ಅರಳಿತ್ತು.

ಪ್ರತಿ ವರ್ಷ ಕೊನೆಯ ಆಟವಾದ ಮೇಲೆ ನಾನು ಅಂಗಡಿಗೆ ಹೋಗುತ್ತಿದ್ದೆ. ಅವರು ಇಸ್ತ್ರಿ ಮಾಡುತ್ತಲೇ ಆ ವರ್ಷದ ನನ್ನ ತಪ್ಪುಗಳನ್ನು ಒಂದೊಂದಾಗಿ ಹೇಳುತ್ತಿದ್ದರು. ನಡುನಡುವೆ ಚಹಾ ತರಿಸುತ್ತಿದ್ದರು. ಬೈಸಿಕೊಂಡು ಮನೆಗೆ ಹೋಗುವಾಗ ಮನಸ್ಸು ಯಾಕೆ ಅಷ್ಟು ಹಗುರವಾಗಿರುತ್ತಿತ್ತೋ...

ಎರಡು ವರ್ಷದ ಹಿಂದೆ ಒಂದು ಚಳಿಗಾಲದ ಮುಂಜಾನೆ ಚಾಚಾ ತೀರಿಕೊಂಡರು. ಆ ಏಳು ಹುಡುಗರಲ್ಲಿ ಊರಲ್ಲಿದ್ದ ನಾಲ್ವರೂ ಜನಾಜಾಕ್ಕೆ ಹೆಗಲು ಕೊಟ್ಟರು. ಜಿಲ್ಲೆಯ ಕಪ್ ಅವರಿರುವ ತನಕ ನಮಗೆ ಮತ್ತೆ ಬರಲಿಲ್ಲ, ಇನ್ನೂ ಬಂದಿಲ್ಲ.

ಈ ವರ್ಷ ನನಗೆ ಜತ್ತಕ್ಕೆ ಬದಲಿಯಾಯಿತು. ಮೂರನೇ ನಂಬರಿನ ಆ ಹುಡುಗನೇ ಈಗ ಮ್ಯಾನೇಜರ್. ನನ್ನ ಬೀಳ್ಕೊಡುಗೆಯ ದಿನ ಶಾಲು ಹೊದಿಸಿದರು, ಎಂಟು ಜನ ಭಾಷಣ ಮಾಡಿದರು. ನನ್ನಂಥ ಮ್ಯಾನೇಜರ್ ಹಿಂದೆ ಆಗಿಲ್ಲ, ಮುಂದೆ ಆಗುವುದಿಲ್ಲ ಎಂದರು. ನಾನು ಸಂತೋಷದಿಂದ ಕೇಳಿದೆ. ಕೇಳುತ್ತ ಕೇಳುತ್ತ, ಈಗ ಯಾರಾದರೂ ಎದ್ದು ನನ್ನ ತಪ್ಪು ಹೇಳಬಹುದು ಎಂದು ಮಂದಿಯ ಕಡೆ ನೋಡಿದೆ. ಯಾರೂ ಏಳಲಿಲ್ಲ.

ಮನೆಗೆ ಬಂದು ಹೆಂಡತಿಗೆ ನಾನೇ ನನ್ನ ಮೂರು ತಪ್ಪುಗಳನ್ನು ಹೇಳಿದೆ. ಅವಳು ಜೋಳದ ಭಾಕರಿ ಬಡಿಯುತ್ತಲೇ ಇನ್ನೆರಡು ಸೇರಿಸಿದಳು. ಐದಾದವು. ಚಾಚಾ ಇದ್ದಿದ್ದರೆ ಆರನೆಯದು ಯಾವುದನ್ನು ಹೇಳುತ್ತಿದ್ದರೋ ಎಂದು ಇಬ್ಬರೂ ಯೋಚಿಸುತ್ತ ಕುಳಿತೆವು. ನಮಗೆ ಹೊಳೆಯಲಿಲ್ಲ...