ಕುರಿ ಮೈ ಕೊಡವಿದ ದಿನ

ಎಪ್ಪತ್ತರ ದಶಕದ ಮೊದಲಲ್ಲಿ ನಮ್ಮೂರ ಶಾಲೆಯಲ್ಲಿ ಎಂಟನೆಯ ತರಗತಿ ಮುಗಿಸಿದೆ. ಮುಂದೆ ಓದಬೇಕೆಂದರೆ ಪಾಲಕೋಡಿನ ಹೈಸ್ಕೂಲಿಗೆ ಬಸ್ಸಿನಲ್ಲಿ ಹೋಗಬೇಕು. ಅವ್ವನಿಗೆ ಮನಸ್ಸಿತ್ತು. ಮನೆ ನಡೆಸುತ್ತಿದ್ದ ಅಜ್ಜಿ ಮಾತ್ರ ಹೆಣ್ಣುಮಗಳನ್ನು ಕಳಿಸಲು ಜಪ್ಪಯ್ಯ ಅಂದರೂ ಒಪ್ಪಲಿಲ್ಲ. ನಾನು ಎರಡು ದಿನ ಉಣ್ಣದೆ ಹಟ ಹಿಡಿದೆ. ಕೊನೆಗೆ ಅಜ್ಜಿ, "ಹೇಳಕ್ಕೆ ನಾನ್ಯಾರು? ದೇವ್ರನ್ನೇ ಕೇಳಾನ. ಕುರಿ ಮೈ ಕೊಡವಿದ್ರೆ ಪಳ್ಳಿಕೂಡ, ಇಲ್ದಿದ್ರೆ ಕುರಿಮಂದೆ" ಎಂದಳು.

ನಮ್ಮ ದೇವರು ಬಾಯಿ ಬಿಟ್ಟು ಮಾತಾಡುವವನಲ್ಲ. ಗುಡಿಯ ಮುಂದೆ ಕುರಿ ನಿಲ್ಲಿಸಿ ಮೂರು ಬೊಗಸೆ ಅರಿಶಿನದ ನೀರು ಹುಯ್ಯುತ್ತಾರೆ. ಅದು ಮೈ ಕೊಡವಿದರೆ ಒಪ್ಪಿಗೆ, ಸುಮ್ಮನೆ ನಿಂತರೆ ಇಲ್ಲ. ಅಪೀಲು ಗಿಪೀಲು ಏನೂ ನಡೆಯದು.

ಸೋಮವಾರ ಬೆಳಿಗ್ಗೆ ಅವ್ವ ಕುರಿಯ ಕೊರಳಿಗೆ ದಪ್ಪನೆಯ ಚೆಂಡುಹೂವಿನ ಹಾರ ಹಾಕಿ ಎಳೆತಂದಳು. ಅಜ್ಜಿ ಮೊದಲ ಬೊಗಸೆಯನ್ನು ಬೆನ್ನಿನ ಮೇಲೆ ಹುಯ್ದಳು. ಕುರಿ ಮೆಲುಕು ಹಾಕುತ್ತಾ ನಿಂತಿತ್ತು. ಎರಡನೆಯದನ್ನೂ ಬೆನ್ನಿಗೇ ಹುಯ್ದಳು. ಆ ಪ್ರಾಣಿಗೆ ನನ್ನ ಓದಿನ ಗೊಡವೆಯೇ ಇರಲಿಲ್ಲ. ನನಗೆ ಅಳು ಒತ್ತರಿಸಿ ಬಂತು. ಅಜ್ಜಿ ಒಂದು ಗಳಿಗೆ ನನ್ನನ್ನೇ ನೋಡಿದಳು. ಆಮೇಲೆ ಹಾರವನ್ನು ಪಕ್ಕಕ್ಕೆ ಸರಿಸಿ, ಮೂರನೆಯ ಬೊಗಸೆಯನ್ನು ಕತ್ತಿನ ಮೇಲೆ ಹುಯ್ದಳು.

ಕುರಿ ತಲೆಯಿಂದ ಬಾಲದವರೆಗೆ ಜಾಡಿಸಿತು! ಅರಿಶಿನದ ನೀರು ನನ್ನ ಮುಖಕ್ಕೆ ಹಾರಿತು. ಅಂಗಾಲಿನಿಂದ ನೆತ್ತಿಯವರೆಗೆ ಮೈಯೆಲ್ಲ ಜುಮ್ಮೆಂದಿತು. ದೇವರೇ ಮುಟ್ಟಿದ ಅಂದುಕೊಂಡೆ. ಬೇರೆ ಏನೆಂದುಕೊಳ್ಳಲಿ? ಮುಟ್ಟುತ್ತಾನೆ ಎಂದು ಕೇಳುತ್ತಲೇ ಬೆಳೆದವಳು, ಅದಕ್ಕೇ ಕಾದು ನಿಂತಿದ್ದವಳು. ಮುಂದಿನ ವಾರ ಬಸ್ಸಿನಲ್ಲಿ ರಾಣಿಯ ಹಾಗೆ ಕೂತು ಪಾಲಕೋಡಿಗೆ ಹೋದೆ. ಪರೀಕ್ಷೆಯ ಭಯವೂ ಇರಲಿಲ್ಲ, ದೇವರೇ ಕಳಿಸಿದವಳಲ್ಲವೇ! ಎಸ್ಸೆಸ್ಸೆಲ್ಸಿ ಒಂದೇ ಏಟಿಗೆ ಪಾಸಾದೆ.

ಅಂದು ಅವ್ವ ನಗುತ್ತಾ ಗುಟ್ಟು ಬಿಟ್ಟುಕೊಟ್ಟಳು. ದೇವರನ್ನು ಕೇಳುವ ಹಿಂದಿನ ಸಂಜೆ ಅವಳು ಆ ಕುರಿಯ ಕತ್ತಿನ ಉಣ್ಣೆಯನ್ನು ಚರ್ಮ ಕಾಣುವ ಹಾಗೆ ಕತ್ತರಿಸಿದ್ದಳಂತೆ. ಅದನ್ನು ಮುಚ್ಚಲೆಂದೇ ಅಷ್ಟು ದಪ್ಪನೆಯ ಹಾರ. "ಉಣ್ಣೆ ಇದ್ರೆ ನೀರು ತಾಕಾಕಿಲ್ಲ ಕಣವ್ವ" ಎಂದಳು.

ನನಗೆ ಸಿಟ್ಟು ನೆತ್ತಿಗೇರಿತು. ನನ್ನ ಮೈ ಜುಮ್ಮೆಂದಿದ್ದು ಬರೀ ಕತ್ತರಿಯ ಕೆಲಸವೇ? ಹಾರ ಸರಿಸಿದ ಕೈ ನೆನಪಾಗಿ ನೆಟ್ಟಗೆ ಅಜ್ಜಿಯ ಬಳಿ ಹೋದೆ. "ಹಾರದ ಕೆಳಗೆ ಉಣ್ಣೆ ಇರ್ಲಿಲ್ಲ. ನಿಂಗೆ ಕಾಣ್ಲಿಲ್ವಾ?"

"ಅರವತ್ತು ವರ್ಸ ಕುರಿ ಸಾಕಿವ್ನಿ, ಕಾಣ್ದೆ ಇರ್ತದಾ?" ಅಜ್ಜಿ ಮುದ್ದೆ ಕಟ್ಟುವ ಕೈ ನಿಲ್ಲಿಸಲಿಲ್ಲ. "ಎರಡು ಸಲ ದೇವ್ರಿಗೇ ಬಿಟ್ಟೆ. ಮೂರ್ನೇ ಸಲ ದೇವ್ರು ನಂಗೆ ಬಿಟ್ಟ."